ಮೀಮೂನನ ಫೆಸ್

ಫೆಸ್ ಪಟ್ಟಣದ ವಿಷಯದಲ್ಲಿ ತಿಝಿ ಹಳ್ಳಿಗೆ ಮೀಮೂನನ ಮಾತೇ ಕೊನೆಯ ಮಾತು. ಪಟ್ಟಣದ ಹೆಂಗಸರು ರೊಟ್ಟಿಯನ್ನು ಮನೆಯಲ್ಲೇ ಸುಡುತ್ತಾರೋ ಓಣಿಯ ಒಲೆಗೆ ಕಳಿಸುತ್ತಾರೋ, ಹೊರೆ ಹೊತ್ತ ಹೇಸರಗತ್ತೆ ಎದುರು ಬಂದರೆ ಯಾವ ಗೋಡೆಗೆ ಅಂಟಿಕೊಳ್ಳಬೇಕು, ಯಾವುದನ್ನೇ ಕೇಳಿ, ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮಂಜು ಬಿದ್ದು ಕಣಿವೆಯ ದಾರಿ ಮುಚ್ಚಿದ ಮೇಲೆ ಗಂಡಸರೆಲ್ಲ ಸ್ಲೀಮಾನನ ಅಂಗಡಿಯಲ್ಲಿ ಒಲೆಯ ಸುತ್ತ ಕೂತು, "ಮೀಮೂನಣ್ಣ, ಸ್ವಲ್ಪ ಫೆಸ್‌ಗೆ ಕರ್ಕೊಂಡು ಹೋಗಪ್ಪ" ಎನ್ನುತ್ತಿದ್ದರು. ಅವನು ಚಹಾದ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಕರೆದುಕೊಂಡು ಹೋಗುತ್ತಿದ್ದ.

ಅವನು ಕರೆದುಕೊಂಡು ಹೋಗುವ ಚೆಂದವೇ ಬೇರೆ. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯ ಜಗಳಕ್ಕೆ ಈ ಮನೆಯವರು ಕಿಟಕಿಯಿಂದಲೇ ಕೈ ಚಾಚಿ ನ್ಯಾಯ ಹೇಳಬಹುದು. ಗೋಡೆಗಳ ಒಳಗೆ ನೀರು ಹಾಡುತ್ತಾ ಓಡುತ್ತದೆ. ಬಣ್ಣ ಹಾಕುವವರ ಬೀದಿಯಲ್ಲಿ ಹೊಳೆ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಹಸಿರು. ಆಮೇಲೆ ಹತ್ತಬೇಕು. ಹತ್ತಿ, ಹತ್ತಿ, ಉಸಿರು ಬಾಯಿಗೆ ಬಂದಾಗ, ಎಲ್ಲಕ್ಕಿಂತ ಮೇಲೆ, ಹಸಿರು ಹೆಂಚಿನ ಕೆಳಗೆ ಊರನ್ನು ಕಟ್ಟಿದ ಸಂತ ಮೂಲಾಯ್ ಇದ್ರೀಸರು ಮಲಗಿದ್ದಾರೆ. ಅಲ್ಲಿಗೆ ಬಂದಾಗ ಮೀಮೂನ ದನಿ ತಗ್ಗಿಸುತ್ತಿದ್ದ, ಅಂಗಡಿಯಲ್ಲಿ ಕೆಮ್ಮುವವನೂ ಕೆಮ್ಮು ನುಂಗಿಕೊಳ್ಳುತ್ತಿದ್ದ.

ಇಷ್ಟೆಲ್ಲ ಬಲ್ಲ ಮೀಮೂನ ಫೆಸ್ ಒಳಗೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ.

ಆದದ್ದು ಇಷ್ಟು. ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ ಅವನೂ ಅವನ ಗೆಳೆಯ ಝೈದನೂ ಇನ್ನಿಬ್ಬರೂ ಬಕ್ರೀದಿಗೆ ಮುಂಚೆ ಕತ್ತೆಗಳ ಮೇಲೆ ಬುತ್ತಿ ಹೇರಿ, ಟಗರುಗಳನ್ನು ಹೊಡೆದುಕೊಂಡು ಹೋಗಿ ಫೆಸ್‌ನ ಗೀಸಾ ಎಂಬ ಕೋಟೆ ಬಾಗಿಲ ಹೊರಗಿನ ಸಂತೆಯಲ್ಲಿ ಮಾರಿದರು. ಮಾರಿದ ಮೇಲೆ ಮೂವರು ಒಳಗೆ ಹೊರಟರು. ಮೀಮೂನ ಬಾಗಿಲವರೆಗೂ ಹೋದ. ಒಳಗೆ ಕತ್ತಲೆ, ಕತ್ತಲೆಯೊಳಗೆ ಸದ್ದು, ಹೋದವರು ಹೋದಲ್ಲೇ ಕರಗಿಹೋಗುತ್ತಿದ್ದರು. ಅವನ ಕಾಲು ಹೂತುಕೊಂಡಿತು. ತೋಳ ಎದುರಾದರೆ ಹೆದರದ ಹುಡುಗ ಆ ಬಾಗಿಲಿಗೆ ಹೆದರಿದ. "ಕತ್ತೆ ಕಾಯೋಕೆ ಒಬ್ಬ ಬೇಕಲ್ಲ" ಎಂದು ಹಿಂದೆ ಸರಿದು, ಸಂಜೆಯವರೆಗೂ ಗೋಡೆಯ ನೆರಳಿನಲ್ಲಿ ಕೂತ. ಹೊರಗೆ ಬರುವ ಹೇಸರಗತ್ತೆಯವರು, ಬಣ್ಣದವರು, ಯಾತ್ರೆಯವರು ಆಡಿಕೊಂಡದ್ದನ್ನೆಲ್ಲ ಕಿವಿ ತುಂಬಾ ತುಂಬಿಕೊಂಡ. ಊರಿಗೆ ಬಂದಾಗ ಎಲ್ಲರೂ ಫೆಸ್ ಹೇಗಿದೆ ಎಂದು ಮುತ್ತಿಕೊಂಡರು. ಒಳಗೆ ಹೋಗಿದ್ದ ಮೂವರಿಗೂ ಹೇಳಲು ಮಾತು ಸಿಗಲಿಲ್ಲ. ಮೀಮೂನ ಬಾಯಿ ತೆರೆದ. ಗೆಳೆಯರು ಅವನ ಗುಟ್ಟು ಬಿಟ್ಟುಕೊಡಲಿಲ್ಲ. ಅವತ್ತು ತೆರೆದ ಬಾಯನ್ನು ಮುಚ್ಚಲು ಅವನಿಗೆ ಮತ್ತೆ ಅವಕಾಶವೇ ಸಿಗಲಿಲ್ಲ.

ಊರು ನಕ್ಕರೆ ನಗಲಿ ಎಂದು ಎಂದಾದರೂ ಒಂದು ದಿನ ನಿಜ ಹೇಳಿಬಿಡುತ್ತಿದ್ದನೇನೋ. ಆದರೆ ನಡುವೆ ತೂಡಾ ಬಂದಳು. ಅವಳು ಝೈದನ ತಂಗಿ. ಅವಳನ್ನು ಕೇಳಿಕೊಂಡು ಬಂದವರಲ್ಲಿ ಇನ್ನೊಬ್ಬನಿಗೆ ಇವನಿಗಿಂತ ದೊಡ್ಡ ಮಂದೆ ಇತ್ತು, ಅಕ್ರೋಟ್ ಮರಗಳೂ ಇದ್ದವು. ತೂಡಾ ಅಪ್ಪನ ಎದುರು ನಿಂತು, "ಕುರಿ ನಮ್ಮನೇಲೂ ಇದಾವೆ. ಫೆಸ್ ನೋಡಿದವನಿಗೇ ಕೊಡು" ಎಂದಳಂತೆ. ಈ ಮಾತು ಹಳ್ಳಿಯಲ್ಲಿ ಹಾಡಾಯಿತು. ಮೀಮೂನನ ಎದೆಯಲ್ಲಿ ಅದು ಮುಳ್ಳಾಗಿ ಕೂತಿತು. ತಾನು ನೋಡದ ಊರಿನ ಬಲದಿಂದ ಹೆಂಡತಿಯನ್ನು ಗೆದ್ದವನಿಗೆ ನಿದ್ದೆ ಹೇಗೆ ಹತ್ತೀತು? ಪ್ರತಿ ವಸಂತದಲ್ಲೂ ಅವಳು, "ಈ ಸಲನಾದ್ರೂ ಕರ್ಕೊಂಡು ಹೋಗ್ತೀಯಾ?" ಎಂದು ಕೇಳುವಳು. ಅವನು ಒಂದು ವರ್ಷ ಕುರಿ ಈಯುತ್ತವೆ ಎಂದ, ಒಂದು ವರ್ಷ ಸೇತುವೆ ಕೊಚ್ಚಿಹೋಗಿದೆ ಎಂದ, ಒಂದು ವರ್ಷ ಏನೂ ಹೊಳೆಯದೆ ಹಲ್ಲುನೋವು ಎಂದು ಕೆನ್ನೆಗೆ ಬಟ್ಟೆ ಕಟ್ಟಿಕೊಂಡ. ಹಾಗೆಯೇ ಇಬ್ಬರ ಕೂದಲೂ ಬೆಳ್ಳಗಾದವು.

ಮಗಳು ಇಝ್ಝಾಳನ್ನು ಕೇಳಿಕೊಂಡು ಫೆಸ್‌ನ ಹುಡುಗನೇ ಬಂದದ್ದು ದೈವದ ಚೇಷ್ಟೆ. ಹುಡುಗ ತಾಮಿ ಹಳದಿ ಚರ್ಮದ ಮೆಟ್ಟು ಹೊಲಿಯುವವನು, ಚರ್ಮ ಕೊಳ್ಳಲು ಬೆಟ್ಟದ ಕೆಳಗಿನ ಅಝ್ರೂ ಸಂತೆಗೆ ಬಂದವನು ಹೆಣ್ಣು ನೋಡಿಕೊಂಡು ಹೋದ. ತಿಝಿಯಲ್ಲಿ ಮದುಮಗಳ ಹಿಂದೆ ಅಪ್ಪ ಅಮ್ಮ ಹೋಗುವ ಪದ್ಧತಿಯಿಲ್ಲವಾದ್ದರಿಂದ ಮದುವೆಯ ದಿನ ಮೀಮೂನ ಬಚಾವಾದ. ವರ್ಷ ತುಂಬುವುದರೊಳಗೆ ಸ್ಲೀಮಾನನ ಅಂಗಡಿಯ ಫೋನ್ ರಿಂಗಾಯಿತು.

"ಮಾವ, ಗಂಡು ಮಗು! ಇಬ್ಬರೂ ಚೆನ್ನಾಗಿದಾರೆ" ಎಂದು ತಾಮಿ ಆ ಕಡೆಯಿಂದ ಕೂಗಿದ. "ಏಳನೇ ದಿನ ಹೆಸರಿಡ್ತೀವಿ. ನೀವೂ ಅತ್ತೆನೂ ಹಿಂದಿನ ದಿನಾನೇ ಬಂದ್ಬಿಡಿ. ನಾನು ಬಸ್ ನಿಲ್ಲೋ ಕಡೆ ಬಂದು ಕಾಯ್ತೀನಿ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅಂಗಡಿಯ ತುಂಬಾ ಜನ. ಎಲ್ಲರ ಕಣ್ಣೂ ಮೀಮೂನನ ಮೇಲೆ. ಅವನ ಕೊರಳು ತಾನಾಗಿ ಉದ್ದವಾಯಿತು.

"ನೀನ್ಯಾಕಪ್ಪ ಬರ್ತೀಯ? ಕೆಲಸ ಬಿಟ್ಟು? ನಂಗೆ ಫೆಸ್ ಅಂದ್ರೆ ನಮ್ಮ ಕುರಿದೊಡ್ಡಿ ಇದ್ದ ಹಾಗೆ. ಮನೆ ಎಲ್ಲಿ ಅಷ್ಟು ಹೇಳು."

"ಮೂಲಾಯ್ ಇದ್ರೀಸರ ದರ್ಗಾ ಪಕ್ಕದ ಓಣಿ ಮಾವ. ಅಲ್ಲಿ ಮೆಟ್ಟು ಹೊಲಿಯೋ ತಾಮಿ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ. ಆದ್ರೂ ನಾನು ಬಂದ್ರೆ..."

"ಬೇಡ ಅಂದ್ನಲ್ಲ!" ಎಂದು ಮೀಮೂನ ಫೋನ್ ಇಟ್ಟುಬಿಟ್ಟ.

ಅಂಗಡಿಯಲ್ಲಿದ್ದವರೆಲ್ಲ ಭೇಷ್ ಎಂದರು. ತಾನೇ ಹಗ್ಗ ಹೊಸೆದು ತಾನೇ ಕುತ್ತಿಗೆಗೆ ಹಾಕಿಕೊಂಡದ್ದು ಅವನಿಗೆ ಮನೆ ತಲುಪುವುದರೊಳಗೆ ಪೂರ್ತಿ ಅರ್ಥವಾಯಿತು.

ಆ ವಾರ ತಿಝಿಯಲ್ಲಿ ಬೇರೆ ಮಾತೇ ಇರಲಿಲ್ಲ. ತೂಡಾ ಫೆಸ್‌ಗೆ ಹೊರಟಿದ್ದಾಳೆ ಎಂದು ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಒಬ್ಬಳು ದರ್ಗಾದಲ್ಲಿ ಹಚ್ಚಲು ಮೇಣದಬತ್ತಿ ಕೊಟ್ಟಳು. ಒಬ್ಬಳು ತನ್ನ ಮಗಳಿಗೆ ಮಕ್ಕಳಾಗಲೆಂದು ಅಲ್ಲಿನ ಗೋಡೆ ಮುಟ್ಟಿ ಬಾ ಎಂದು ಕೈ ಹಿಡಿದುಕೊಂಡಳು. ತೂಡಾ ಮಗುವಿಗೆಂದು ನೇಯುತ್ತಿದ್ದ ಉಣ್ಣೆಯ ಹೊದಿಕೆಗೆ ಕೊನೆಯ ಗಂಟು ಹಾಕುತ್ತಾ, ಹಳೆಯ ತುಪ್ಪದ ಗಡಿಗೆಗೆ ಬಾಯಿ ಕಟ್ಟುತ್ತಾ, ಯಾವ ಹುಂಜ ಒಯ್ಯುವುದೆಂದು ಅಂಗಳದಲ್ಲಿ ಕಣ್ಣಾಡಿಸುತ್ತಾ ಗಂಡನನ್ನು ಕೇಳುತ್ತಲೇ ಇದ್ದಳು.

"ಬಸ್ ಇಳಿದ ತಕ್ಷಣ ನೀರು ಹಾಡೋದು ಕೇಳ್ಸುತ್ತಾ, ಇಲ್ಲ ಒಳಗೆ ಹೋದ್ಮೇಲಾ?"

"ಒಳಗೆ ಹೋದ್ಮೇಲೆ."

"ದರ್ಗಾಕ್ಕೆ ಹತ್ತೋ ದಾರಿ ಕಡಿದಾ? ನನ್ನ ಮಂಡಿ ಕೇಳಬೇಕಲ್ಲ."

"ನಿನ್ನ ಮಂಡಿ ಇರ್ಲಿ, ನನ್ನ ಮಂಡೀನೇ ಯಾಕೋ ಎರಡು ದಿನದಿಂದ..." ಎಂದು ಮೀಮೂನ ಕಾಲು ನೀವಿಕೊಂಡ.

ತೂಡಾ ಹೊದಿಕೆ ಕೆಳಗಿಟ್ಟು, ಆಲಿವ್ ಎಣ್ಣೆ ಬಿಸಿ ಮಾಡಿ ತಂದು, ಅವನ ಮಂಡಿಗೆ ತಿಕ್ಕಿದಳು. "ನಡೆಯೋಕೆ ಆಗ್ದಿದ್ರೆ ಹೇಸರಗತ್ತೆ ಮೇಲೆ ಕೂರಿಸಿ ಕಟ್ಕೊಂಡು ಹೋಗ್ತೀನಿ ಮುದುಕಾ. ಈ ಸಲ ಸೇತುವೆನೂ ಗಟ್ಟಿಯಾಗಿದೆ, ಕುರಿನೂ ಈದಾಗಿದೆ, ಹಲ್ಲಂತೂ ನಿಂಗೆ ಉಳಿದೇ ಇಲ್ಲ" ಎಂದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಹಿಟ್ಟಿನ ಲಾರಿಯ ಡ್ರೈವರ್ ಊರಿಗೆ ಬಂದಾಗ ಮೀಮೂನ ಅವನನ್ನು ಮರದ ಮರೆಗೆ ಕರೆದು, ಸುಮ್ಮನೆ ಕೇಳುವವನಂತೆ, "ನಮ್ಮ ಕಾಲದಲ್ಲಿ ನಡ್ಕೊಂಡೇ ಹೋಗ್ತಿದ್ವಪ್ಪ. ಈಗ ಬಸ್ಸು ಎಲ್ಲಿ ನಿಲ್ಲುತ್ತೆ?" ಎಂದ.

"ಮಹ್ರೂಕ್ ಬಾಗಿಲ ಹೊರಗೆ."

"ಅಲ್ಲಿಂದ ದರ್ಗಾಕ್ಕೆ?"

ಡ್ರೈವರ್ ನಕ್ಕ. "ನಿಮ್ಗೆ ನಾನು ದಾರಿ ಹೇಳೋದಾ ಮೀಮೂನಣ್ಣ? ಚಿಕ್ಕವನಿದ್ದಾಗ ನಿಮ್ಮ ಬಾಯಲ್ಲೇ ತಾನೆ ನಾನು ಫೆಸ್ ಕೇಳಿದ್ದು!"

ಮೀಮೂನನೂ ಜೊತೆಗೆ ನಕ್ಕು ಹಿಂದೆ ಬಂದ. ಝೈದ ಬದುಕಿದ್ದರೆ ಅವನ ಕಾಲಾದರೂ ಹಿಡಿಯಬಹುದಿತ್ತು. ಆದರೆ ಝೈದ ತೀರಿಕೊಂಡಿದ್ದ, ಉಳಿದಿಬ್ಬರೂ ಎಂದೋ ಮಣ್ಣಾಗಿದ್ದರು. ಅವನು ಫೆಸ್ ನೋಡಿಲ್ಲ ಎಂಬುದು ಈಗ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತು. ಇದರಿಂದ ಹಿಂದೆ ನೆಮ್ಮದಿಯಾಗಿತ್ತು, ಈಗ ಒಂಟಿತನವಾಯಿತು. ಉಳಿದದ್ದು ಒಂದೇ ಧೈರ್ಯ: ಎಷ್ಟೇ ದೊಡ್ಡ ಊರಾದರೂ ಸಂತರು ಇರುವುದು ಮೇಲೆ. ಹತ್ತುತ್ತಾ ಹೋದರೆ ಸಿಕ್ಕೇ ಸಿಗುತ್ತಾರೆ.

ಈ ಲೆಕ್ಕ ತಪ್ಪೆಂದು ತಿಝಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಮಲೆಯಲ್ಲಿ ಯಾವ ಸಂತರ ಗೋರಿಯನ್ನೇ ನೋಡಿ, ದೇವದಾರು ಮರಗಳೂ ನಿಂತುಹೋಗುವ ನೆತ್ತಿಯ ಮೇಲೇ ಇರುತ್ತದೆ. ತಗ್ಗಿನಲ್ಲಿ ಇರುವುದು ಕೆಸರು, ಪ್ರವಾಹ, ಕಳ್ಳರು. ದೇವರಿಗೆ ಹತ್ತಿರವಾದವನನ್ನು ಹೋಗಿ ಹೋಗಿ ತಗ್ಗಿನಲ್ಲಿ ಮಲಗಿಸುವ ಜನ ಇದ್ದಾರೆಂದು ಅವರು ಕನಸಿನಲ್ಲೂ ನೆನೆಸಿದವರಲ್ಲ.

ಹೊರಡುವ ದಿನ ಅರ್ಧ ಊರು ಕಣಿವೆಯವರೆಗೂ ಬಂದು ಕಳಿಸಿಕೊಟ್ಟಿತು. ಅಝ್ರೂವಿನಲ್ಲಿ ಬಸ್ಸು ಹತ್ತಿದರು. ತೂಡಾಳ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹುಂಜ. ಅವಳು ಕಿಟಕಿಗೆ ಮೂಗು ಒತ್ತಿಕೊಂಡು ದೇವದಾರು ಮುಗಿದದ್ದು, ಸೇಬಿನ ತೋಟ ಬಂದದ್ದು, ಬಯಲು ಅಗಲವಾದದ್ದು ಎಲ್ಲವನ್ನೂ ಗಂಡನಿಗೆ ವರದಿ ಮಾಡಿದಳು. ಊರಿಗೆಲ್ಲ ಮಾತು ಹಂಚಿದ ಮೀಮೂನ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಬಸ್ಸು ಇಳಿಸಿದ್ದು ಒಂದು ಗೋಡೆಯ ಎದುರು. ಮಣ್ಣಿನ ಬಣ್ಣದ ಎತ್ತರದ ಗೋಡೆ ಎರಡೂ ಕಡೆ ಕಣ್ಣು ಹೋಗುವವರೆಗೂ ಹೋಗಿತ್ತು. ಗೋಡೆಯಲ್ಲಿ ಒಂದು ಬಾಗಿಲು. ಜನ, ಕತ್ತೆ, ಪುದೀನಾ ಸೊಪ್ಪಿನ ಗಾಡಿ ಎಲ್ಲ ಅದರೊಳಗೆ ಇಳಿದುಹೋಗುತ್ತಿದ್ದವು. ಬಾಗಿಲು ನೋಡಿದ್ದೇ ತಡ, ಮೀಮೂನನ ಕಾಲು ಹಳೆಯ ಕಾಲದಂತೆಯೇ ಹೂತುಕೊಂಡಿತು. ಅವನು ಮುಖ ತಿರುಗಿಸಿದ. ತಿರುಗಿಸಿದ ಕಡೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಹಳೆಯ ಕಮಾನುಗಳು ಆಕಾಶಕ್ಕೆ ನಿಂತಿದ್ದವು. ಅವನ ಜೀವಕ್ಕೆ ಜೀವ ಬಂತು.

"ಅಗೋ, ಅಲ್ಲೇ. ಇದೇ ದಾರಿ" ಎಂದ.

ತೂಡಾ ಬಾಗಿಲ ಕಡೆ ನೋಡಿದಳು. ಅಷ್ಟೂ ಜನ ಅತ್ತ ಹೋಗುತ್ತಿದ್ದರು. ಗುಡ್ಡದ ಕಡೆ ಹೋಗುತ್ತಿದ್ದದ್ದು ಒಂದು ನಾಯಿ ಮಾತ್ರ. ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಬುಟ್ಟಿ ತಲೆಗೇರಿಸಿಕೊಂಡು ಅವನ ಹಿಂದೆ ನಡೆದಳು.

ಹತ್ತಿದರು. ತುಪ್ಪದ ಗಡಿಗೆ ಅವನ ಬೆನ್ನ ಮೇಲೆ ಕುಲುಕಿತು. ಹುಂಜ ಬುಟ್ಟಿಯಿಂದ ಕತ್ತು ಹೊರಗೆ ಹಾಕಿ ಊರಿಗೆಲ್ಲ ಕೇಳುವಂತೆ ಕೂಗಿತು. "ಹೆಸರಿಡೋಕೆ ಮುಂಚೆ ಮಗು ಕಿವೀಲಿ ನಾನೇ ಬಾಂಗ್ ಕೊಡ್ತೀನಿ ಅಂತಿದೆ" ಎಂದು ತೂಡಾ ನಕ್ಕಳು. ಮೀಮೂನ ನಗಲಿಲ್ಲ. ಹತ್ತಿರ ಹೋದಂತೆ ಆ ಕಮಾನುಗಳಿಗೆ ಸೂರಿಲ್ಲ, ಬಾಗಿಲಿಲ್ಲ, ಹಸಿರು ಹೆಂಚಿಲ್ಲ. ನೆತ್ತಿ ತಲುಪಿದಾಗ ಅಲ್ಲಿದ್ದದ್ದು ಯಾವ ಕಾಲದ್ದೋ ಸುಲ್ತಾನರ ಪಾಳು ಗೋರಿಗಳು, ಮುರಿದ ಗೋಡೆ, ಇಳಿಜಾರಿನ ತುಂಬಾ ಒಣಹಾಕಿದ ಹಳದಿ ತೊಗಲುಗಳು. ತೊಗಲು ಮಗುಚುತ್ತಿದ್ದ ಒಬ್ಬ ಆಳು ಬಿಟ್ಟರೆ ನರಪಿಳ್ಳೆಯಿಲ್ಲ.

ಮೀಮೂನ ಸಂತೆಗಳಲ್ಲಿ ಕಲಿತ ಅರಬಿಯಲ್ಲಿ ಅವನನ್ನು ಕೇಳಿದ. "ಅಪ್ಪಾ, ಮೂಲಾಯ್ ಇದ್ರೀಸರು...?"

ಆ ಮನುಷ್ಯ ಸೊಂಟ ನೆಟ್ಟಗೆ ಮಾಡಿಕೊಂಡು ಇವರಿಬ್ಬರನ್ನೂ ಹುಂಜವನ್ನೂ ನೋಡಿದ. "ಮೇಲಕ್ಯಾಕೆ ಬಂದ್ರಿ ಯಜಮಾನ್ರೇ? ಅವರಿಗೆ ಬೆನ್ನು ಮಾಡ್ಕೊಂಡು ನಿಂತು ಅವರನ್ನೇ ಕೇಳ್ತಿದೀರಲ್ಲ! ಹಿಂದೆ ತಿರುಗಿ. ಕೆಳಗೆ, ತೀರಾ ಕೆಳಗೆ ನೋಡಿ."

ತಿರುಗಿದರು.

ಗುಡ್ಡದ ಬುಡದಿಂದ ಎದುರು ಗುಡ್ಡದವರೆಗೂ ಇಡೀ ಕಣಿವೆಯ ತುಂಬಾ ಊರೇ ಊರು. ಮನೆಯ ಮೇಲೆ ಮನೆ, ಸೂರಿಗೆ ಸೂರು ತಾಗಿ, ನಡುವೆ ಒಂದು ಬೀದಿಯೂ ಕಾಣದ ಹಾಗೆ, ಇಷ್ಟು ಜನ ಒಂದೇ ಕಡೆ ಬದುಕಬಹುದೆಂದು ನಂಬುವುದೇ ಕಷ್ಟವಾಗುವ ಹಾಗೆ ಹಬ್ಬಿತ್ತು. ಒಲೆಗಳ ಹೊಗೆ ನೂರು ಕಡೆ ಎದ್ದು ಒಂದಾಗುತ್ತಿತ್ತು. ಎಲ್ಲಿ ನೋಡಿದರೂ ಮಿನಾರುಗಳು. ಊರಿನ ಮನೆಗಳೆಲ್ಲ ಇಳಿಯುತ್ತಾ ಇಳಿಯುತ್ತಾ ಹೋಗಿ, ಎಲ್ಲಕ್ಕಿಂತ ತಗ್ಗಿನಲ್ಲಿ, ಎಲ್ಲ ನೀರೂ ಹೋಗಿ ಸೇರುವ ಜಾಗದಲ್ಲಿ, ಹಸಿರು ಹೆಂಚಿನ ಸೂರುಗಳು ಒತ್ತೊತ್ತಾಗಿ ಬಿಸಿಲಿಗೆ ಮಿನುಗುತ್ತಿದ್ದವು. ಸಂತರು ಅಲ್ಲಿದ್ದರು. ಊರೆಲ್ಲ ಅವರ ಕಡೆಗೆ ಬಾಗಿ ನಿಂತಿತ್ತು.

ಅದೇ ಹೊತ್ತಿಗೆ ನಮಾಜಿಗೆ ಕರೆಯುವ ಮಧ್ಯಾಹ್ನದ ಬಾಂಗ್ ಎದ್ದಿತು. ಮೊದಲು ಆ ತಗ್ಗಿನಿಂದ ಒಂದು ದನಿ. ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಎಣಿಕೆಗೆ ಸಿಗದಷ್ಟು. ದನಿಗಳು ಒಂದರ ಮೇಲೊಂದು ಏರಿ ಕಣಿವೆಯ ಅಂಚು ತುಂಬಿ ಇವರ ಪಾದದವರೆಗೂ ಬಂದವು. ತೂಡಾಳ ಕೈ ತಾನಾಗಿ ಎದೆಗೆ ಹೋಯಿತು. ಹುಂಜವೂ ಸುಮ್ಮನಾಯಿತು. ಮೀಮೂನನಿಗೆ ಕಣ್ಣೀರು ಬಂತು. ಇಷ್ಟು ವರ್ಷ ತಾನು ಕಟ್ಟಿ ಹೇಳಿದ ಫೆಸ್ ಇದರ ಮುಂದೆ ಮಕ್ಕಳು ಆಟಕ್ಕೆ ಜೋಡಿಸಿದ ಕಲ್ಲಿನ ಮನೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿರಲಿಲ್ಲ ಅವನಿಗೆ ಎಂದೂ. ಇವತ್ತು, ಅಷ್ಟು ಸಣ್ಣ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು.

ಬಾಂಗ್ ಮುಗಿದ ಮೇಲೆ ತೂಡಾ ಒಂದು ಕಲ್ಲಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು.

"ಹೇಳು ಮುದುಕಾ. ಯಾವುದು ಏನು ಅಂತ ಹೇಳು."

ಮೀಮೂನ ಬಾಯಿ ತೆರೆದ. ಬದುಕಿನಲ್ಲಿ ಮೊದಲ ಸಲ ಫೆಸ್ ಅವನ ಬಾಯಿ ಕಟ್ಟಿತ್ತು.

ತೂಡಾ ರೊಟ್ಟಿಯ ತುಂಡಿನಿಂದಲೇ ಬೆಟ್ಟು ಮಾಡಿದಳು. "ಈ ಕೆಳಗಿನ ಬಾಗಿಲು? ಬಸ್ ಇಳಿದ ಕಡೆದಲ್ಲ, ಈ ಹತ್ತಿರದ್ದು?"

"ಅದು... ಗೀಸಾ ಬಾಗಿಲು." ಅದೊಂದು ಅವನಿಗೆ ಗೊತ್ತಿತ್ತು. ಗೋಡೆಯ ನೆರಳು ಇನ್ನೂ ಅಲ್ಲೇ ಬಿದ್ದಿತ್ತು.

"ಕತ್ತೆಗಳನ್ನ ಎಲ್ಲಿ ಕಟ್ಟಿದ್ದೆ?"

ಮೀಮೂನ ಕಲ್ಲಾದ. ಕತ್ತೆಗಳ ಮಾತು ಅವನು ಜೀವಮಾನದಲ್ಲಿ ಯಾರ ಮುಂದೆಯೂ ಎತ್ತಿದವನಲ್ಲ. ಅವನ ಫೆಸ್‌ನಲ್ಲಿ ಕತ್ತೆ ಕಾಯುವವನೇ ಇರಲಿಲ್ಲ.

"ಝೈದ ಹೇಳಿದ್ನಾ?" ಎಂದ.

"ಹೂಂ."

"ಯಾವಾಗ? ಸಾಯೋಕೆ ಮುಂಚೆನಾ?"

"ನಂಗೆ ಗೋರಂಟಿ ಹಚ್ಚಿದ ದಿನ. ಅಣ್ಣ ಬಂದು, 'ತಂಗೀ, ನಾಳೆ ನನ್ನ ಬೈಬೇಡ, ಇವನು ಒಳಗೆ ಕಾಲೇ ಇಟ್ಟಿಲ್ಲ' ಅಂದ."

"ಮದುವೆ ಹಿಂದಿನ ದಿನ! ಗೊತ್ತಿದ್ದೂ... ಗೊತ್ತಿದ್ದೂ ಯಾಕೆ ಬಂದೆ ತೂಡಾ? ಆ ಇನ್ನೊಬ್ಬನಿಗೆ ಅಕ್ರೋಟ್ ಮರ ಇದ್ವಲ್ಲ."

ತೂಡಾ ರೊಟ್ಟಿ ಅಗಿದು ನುಂಗಿ, ಸಾವಕಾಶವಾಗಿ ಹೇಳಿದಳು. "ಅಣ್ಣನ್ನ ಕೇಳ್ದೆ. 'ನೀನು ಒಳಗೆ ಹೋದ್ಯಲ್ಲ, ಏನು ನೋಡ್ದೆ?' 'ಜನ' ಅಂದ. 'ಮತ್ತೆ?' ಅಂದೆ. 'ಕಾಲು ನೋವು' ಅಂದ. ನೋಡು, ಒಳಗೆ ಹೋದವನು ತಂದಿದ್ದು ಅಷ್ಟೇ. ನೀನು ಹೊರಗೆ ಕೂತು ಊರನ್ನೇ ಹೊತ್ಕೊಂಡು ಬಂದೆ. ಅಂಥವನ ಜೊತೆ ಮಂಜುಗಾಲ ಕಳೆಯೋದು ಸುಲಭ ಅನ್ನಿಸ್ತು. ಕಳೀತು ಕೂಡ."

"ಹಾಗಾದ್ರೆ ವರ್ಷಾ ವರ್ಷಾ ಕರ್ಕೊಂಡು ಹೋಗು, ಕರ್ಕೊಂಡು ಹೋಗು ಅಂತ ಯಾಕೆ ಪ್ರಾಣ ತಿಂದೆ?"

"ಈ ಸಲ ಏನು ನೆವ ಹುಡುಕ್ತೀಯ ನೋಡೋಣ ಅಂತ. ಆ ಹಲ್ಲುನೋವು ಇದೆಯಲ್ಲ, ಒಲೆ ಮುಂದೆ ಒಬ್ಬಳೇ ನೆನೆಸ್ಕೊಂಡು ನಕ್ಕಿದ್ದೀನಿ." ಅವಳು ತಲೆಬಟ್ಟೆಯ ಅಂಚಿನಿಂದ ಕಣ್ಣು ಒರೆಸಿಕೊಂಡಳು, ನಕ್ಕದ್ದಕ್ಕೋ ಮತ್ಯಾತಕ್ಕೋ. "ನಿಜವಾಗ್ಲೂ ನೋಡ್ಬೇಕು ಅಂತನೂ ಇತ್ತು. ನೀನು ಹೇಳಿದ್ದು ದೊಡ್ಡದೋ, ಇದು ದೊಡ್ಡದೋ ಅಂತ."

"ಯಾವುದು?"

ತೂಡಾ ಕೆಳಗಿನ ಊರನ್ನು ಬಹಳ ಹೊತ್ತು ನೋಡಿದಳು. "ಇದೇ ದೊಡ್ಡದು. ಎಷ್ಟು ದೊಡ್ಡದಪ್ಪಾ! ಆದ್ರೆ ಮಂಜು ಬಿದ್ದಾಗ ಇದು ನಮ್ಮನೆಗೆ ಬರಲ್ಲ."

ತೊಗಲಿನವನು ದಾರಿ ಹೇಳಿಕೊಟ್ಟ. ದಾರಿಯೇನು, ಒಂದೇ ಮಾತು: "ಈ ಊರಲ್ಲಿ ಬೇಕಾದ್ದೆಲ್ಲ ಕೆಳಗೇ ಇರೋದು. ನೀರು ಹೋದ ಕಡೆ ಹೋಗಿ." ಮಲೆಯವರಿಗೆ ಇದಕ್ಕಿಂತ ಸುಲಭದ ಗುರುತು ಬೇಕೇ? ಇಳಿದರು. ಗೀಸಾ ಬಾಗಿಲ ಮುಂದೆ ಮೀಮೂನ ಮತ್ತೆ ನಿಂತ. ಅದೇ ಕತ್ತಲೆ, ಅದೇ ಸದ್ದು. ತೂಡಾ ಅವನ ತೋಳು ಹಿಡಿದುಕೊಂಡು, "ಈ ಸಲ ಕತ್ತೆನೂ ಇಲ್ಲ. ನಡಿ" ಎಂದು ಎಳೆದಳು. ಒಳಗೆ ಬಿದ್ದರು.

ಅದರ ನಂತರದ್ದನ್ನು ಮೀಮೂನ ಮುಂದೆ ಎಷ್ಟೋ ಸಲ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟಿದ್ದಾನೆ. ಓಣಿಗಳು ಅವನು ಹೇಳಿದ್ದಕ್ಕಿಂತ ಇಕ್ಕಟ್ಟಾಗಿದ್ದವು. ಗೋಡೆಯೊಳಗೆ ನೀರು ನಿಜವಾಗಿ ಹಾಡುತ್ತಿತ್ತು. ತೂಡಾ ಗೋಡೆಗೆ ಕಿವಿ ಕೊಟ್ಟು ನಿಂತು, "ಸುಳ್ಳಲ್ವಲ್ಲೋ ಇದು!" ಎಂದಳು. ತಲೆಯ ಮೇಲೆ ಅಡ್ಡ ಬಂದ ಒಂದು ಹಳೆಯ ತೊಲೆಯನ್ನು ಮುಟ್ಟಿ ಮೂಸಿದಳು. ತಮ್ಮ ಕಾಡಿನ ದೇವದಾರು. ಎಷ್ಟು ತಲೆಮಾರಿನ ಹಿಂದೆ ಅವರ ಬೆಟ್ಟದಿಂದ ಇಳಿದು ಬಂದದ್ದೋ, ಇನ್ನೂ ವಾಸನೆ ಬಿಟ್ಟಿರಲಿಲ್ಲ. ದೊಡ್ಡ ಮಸೀದಿಯ ಬಾಗಿಲಲ್ಲಿ ಇಬ್ಬರೂ ಹೊಸ್ತಿಲ ಹೊರಗೇ ನಿಂತರು. ಒಳಗೆ ಅಂಗಳ, ಅಂಗಳದ ತುಂಬಾ ಬೆಳಕು, ಬೆಳಕಿನ ನಡುವೆ ನೀರು. ಅಷ್ಟು ಗದ್ದಲದ ಊರಿನ ಹೊಟ್ಟೆಯಲ್ಲಿ ಅಷ್ಟು ಮೌನ ಬಚ್ಚಿಟ್ಟುಕೊಂಡಿರುವುದು ಮೀಮೂನನ ಯಾವ ಕಥೆಯಲ್ಲೂ ಇರಲಿಲ್ಲ. ಅದನ್ನು ಕಟ್ಟುವಷ್ಟು ತಲೆ ತನಗಿರಲಿಲ್ಲ ಎಂದು ಅವನು ಒಪ್ಪಿಕೊಂಡ. ದರ್ಗಾದ ಓಣಿಗೆ ಅಡ್ಡಲಾಗಿ ಒಂದು ಮರದ ಅಡ್ಡೆ ಇತ್ತು, ಯಾರೇ ಬಂದರೂ ತಲೆ ಬಗ್ಗಿಸಿಯೇ ದಾಟಬೇಕು. ಇಬ್ಬರೂ ಬಗ್ಗಿದರು. ತೂಡಾ ಮೇಣದಬತ್ತಿ ಹಚ್ಚಿ, ಹೇಳಿ ಕಳಿಸಿದವಳ ಹೆಸರಿನಲ್ಲಿ ಗೋಡೆ ಮುಟ್ಟಿದಳು.

ಅಲ್ಲಿಗೆ ತಾಮಿ ಓಡಿ ಬಂದ. ಮೈಯೆಲ್ಲ ಬೆವರು.

"ಮಾವ! ಬಸ್ಸು ಬಂದು ಎಷ್ಟೋ ಹೊತ್ತಾಯ್ತಂತೆ. ದಾರಿ ತಪ್ಪಿದ್ರೇನೋ ಅಂತ ಎಲ್ಲಾ ಬಾಗಿಲೂ ಸುತ್ತಿ ಬಂದೆ."

ಮೀಮೂನ ಹೆಂಡತಿಯ ಮುಖ ನೋಡಿದ. ತೂಡಾ ಬುಟ್ಟಿಯನ್ನು ಅಳಿಯನ ಕೈಗೆ ಕೊಟ್ಟಳು.

"ತಪ್ಪೋದೇನು ಬಂತು? ನಿಮ್ಮ ಮಾವ ಮೊದಲು ಗುಡ್ಡ ಹತ್ತಿಸಿ, ಊರು ಪೂರ್ತಿ ತೋರಿಸಿ, ಆಮೇಲೆ ಇಳಿಸಿಕೊಂಡು ಬಂದ್ರು. ಹಾಗೆ ನೋಡ್ದೆ ಇದ್ರೆ ಫೆಸ್ ನೋಡಿದ ಹಾಗಲ್ವಂತೆ."

"ಅದು ನಿಜ ಅತ್ತೆ" ಎಂದ ತಾಮಿ, ಮಾವನ ಕಡೆ ಮೆಚ್ಚುಗೆಯಿಂದ ನೋಡುತ್ತಾ. "ಇಲ್ಲೇ ಹುಟ್ಟಿದವರಿಗೂ ಅದು ಗೊತ್ತಿರಲ್ಲ."

ಮರುದಿನ ಹೆಸರಿಟ್ಟಾಯಿತು, ಟಗರು ಕೊಯ್ದಾಯಿತು, ಬಂದವರು ಉಂಡು ಹರಸಿ ಹೋದರು. ಮನೆಯವರಷ್ಟೇ ಉಳಿದಾಗ ತಾಮಿಯ ತಂದೆ ಹಾಜಿ ಸದ್ದೀಕ್ ತಾವೇ ಪುದೀನಾ ಚಹಾ ಬಗ್ಗಿಸಲು ಕೂತರು. ಇಝ್ಝಾ ಒರಗುದಿಂಬಿಗೆ ಒರಗಿದ್ದಳು. ಅಜ್ಜಿ ನೇಯ್ದ ಹೊದಿಕೆಯಲ್ಲಿ ಸುತ್ತಿದ ಮಗು ತೂಡಾಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

"ನಮ್ಮ ಸೊಸೆ ಹೇಳ್ತಾ ಇರ್ತಾಳೆ, ಅಪ್ಪನಿಗೆ ಫೆಸ್ ಪೂರ್ತಿ ಗೊತ್ತು ಅಂತ" ಎಂದರು ಹಾಜಿ, ಲೋಟವನ್ನು ಮೀಮೂನನ ಕೈಗೆ ಕೊಡುತ್ತಾ. "ಎಷ್ಟು ಸಲ ಬಂದಿದ್ದೀರಿ ಬೀಗರೇ, ನಮ್ಮೂರಿಗೆ?"

ಅವರು ಮಾತಿಗೆ ಮಾತು ಎಂದು ಕೇಳಿದ್ದು. ಆದರೆ ಇಝ್ಝಾ ಹೆಮ್ಮೆಯಿಂದ ತಲೆ ಎತ್ತಿದಳು. ಮೀಮೂನ ಮಗಳ ಮುಖ ನೋಡಿದ, ಲೋಟ ನೋಡಿದ. ಹಿಂದಿನ ಮೀಮೂನನಾಗಿದ್ದರೆ ಈ ಹೊತ್ತಿಗೆ ಮೂರು ಬೀದಿ ದಾಟಿಸಿರುತ್ತಿದ್ದ. ಇವತ್ತು ಆ ಗುಡ್ಡದ ಮೇಲಿನಿಂದ ಕಂಡದ್ದು ಅವನ ನಾಲಿಗೆಯ ಮೇಲೆ ಕೂತಿತ್ತು. ಅವನು ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದಾಗಲೇ ತೂಡಾ, ತನಗೆ ಬರುವ ನಾಲ್ಕು ಅರಬಿ ಮಾತುಗಳನ್ನು ಒಟ್ಟುಮಾಡಿಕೊಂಡು, ಮಗುವಿನ ಮುಖದಿಂದ ಕಣ್ಣು ಎತ್ತದೆ ಹೇಳಿದಳು.

"ನಂಗೆ ಇದೇ ಮೊದಲು ಹಾಜಿ. ಇವರಿಗೆ ಲೆಕ್ಕವೇ ಇಲ್ಲ. ಮಂಜು ಬಿದ್ದು ದಾರಿ ಮುಚ್ಚಿದ್ರೂ ಬರ್ತಾರೆ. ಅವಾಗಲೇ ಜಾಸ್ತಿ ಬರೋದು. ಒಬ್ಬರೇ ಅಲ್ಲ, ಊರಿನವರನ್ನೆಲ್ಲ ಕರ್ಕೊಂಡು ಬರ್ತಾರೆ. ನನ್ನನ್ನ ಒಂದು ಸಲನೂ ಬಿಟ್ಟು ಬಂದಿಲ್ಲ."

ನನಗೆ ಮೊದಲು ಎಂದವಳೇ ನನ್ನನ್ನು ಬಿಟ್ಟು ಬಂದಿಲ್ಲ ಎಂದದ್ದು ಹಾಜಿಗೆ ಹೊಂದಲಿಲ್ಲ. ಮಲೆಯ ಹೆಂಗಸಿಗೆ ಅರಬಿ ಅಷ್ಟಕ್ಕಷ್ಟೆ ಎಂದುಕೊಂಡು, "ದೇವರು ದೊಡ್ಡವನು" ಎಂದು ಸಕ್ಕರೆಯ ಗಡ್ಡೆ ಒಡೆದರು. ಇಝ್ಝಾ ಅಮ್ಮನನ್ನೇ ನೋಡಿದಳು. ಮೀಮೂನ ತಲೆ ಬಗ್ಗಿಸಿಕೊಂಡಿದ್ದ. ಲೋಟದ ಚಹಾ ಅಂಚಿನವರೆಗೂ ಬಂದು ಅಲುಗುತ್ತಿತ್ತು.

ತೂಡಾ ತಮ್ಮ ಮಲೆಯ ಮಾತಿನಲ್ಲಿ, ಅವನಿಗಷ್ಟೇ ಕೇಳುವಂತೆ, "ಎರಡೂ ಕೈಯಲ್ಲಿ ಹಿಡ್ಕೋ ಮುದುಕಾ, ಚೆಲ್ತೀಯ" ಎಂದಳು.